ಮೊದಲ ಗುಂಡು ಹಾರುವ ಮೊದಲು: ಶ್ರೀಲಂಕಾದ ಒಳಯುದ್ಧ ಹೇಗೆ ಹುಟ್ಟಿತು, ಅದನ್ನು ನಿಲ್ಲಿಸಲು ಏನೇನು ಮಾಡಿದರು

2025ರ ಆರಂಭದಲ್ಲಿ ಶ್ರೀಲಂಕಾದ ಜಾಫ್ನಾ ಪಕ್ಕದ ಚೆಮ್ಮಣಿ ಎಂಬಲ್ಲಿ ಸ್ಮಶಾನದ ಕಟ್ಟಡಕ್ಕೆ ನೆಲ ಅಗೆಯುತ್ತಿದ್ದರು. ಎಲುಬುಗಳು ಸಿಕ್ಕವು. ಕೋರ್ಟಿನ ಉಸ್ತುವಾರಿಯಲ್ಲಿ ಅಗೆತ ಮುಂದುವರಿಯಿತು. ಕೆಲವೇ ತಿಂಗಳಲ್ಲಿ ಲೆಕ್ಕ ಇನ್ನೂರು ಅಸ್ಥಿಪಂಜರಗಳನ್ನು ದಾಟಿತು. ಅದರಲ್ಲಿ ಮಕ್ಕಳೂ ಇದ್ದರು. ಒಂದು ಪುಟ್ಟ ಮಗುವಿನ ಎಲುಬಿನ ಜತೆ ನೀಲಿ ಬಣ್ಣದ ಶಾಲೆಯ ಚೀಲವಿತ್ತು.

ಈ ಸುದ್ದಿ ಓದಿದ ಹಲವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಅಲ್ಲಿ ನಿಜಕ್ಕೂ ನಡೆದದ್ದೇನು?’ ನಮ್ಮಲ್ಲಿ ಹೆಚ್ಚಿನವರಿಗೆ ಆ ಯುದ್ಧ ಅಂದರೆ ತಮಿಳು ಬಂಡಾಯಗಾರರ ನಾಯಕ ಪ್ರಭಾಕರನ್, ರಾಜೀವ್ ಗಾಂಧಿ ಹತ್ಯೆ, ಹಂತಕರು ಅಡಗಿದ್ದ, 1991ರ ಆಗಸ್ಟಿನಲ್ಲಿ ಬೆಂಗಳೂರಿನ ಕೋಣನಕುಂಟೆಯಲ್ಲಿ ಪೊಲೀಸರು ಸುತ್ತುವರಿದ ಆ ಮನೆ. ಅಷ್ಟೇ. ಅದು ಕತೆಯ ನಡುಭಾಗ ಮಾತ್ರ. ಯುದ್ಧದ ಬೇರು ಅದಕ್ಕಿಂತ ನಲವತ್ತು ವರ್ಷ ಹಿಂದೆ, ಕಾಡಿನಲ್ಲಿ ಅಲ್ಲ, ಕಚೇರಿಯ ಕಾಗದಗಳಲ್ಲಿ ಇದೆ. ಅದನ್ನೇ ಇಲ್ಲಿ ಮೊದಲಿನಿಂದ ಹೇಳುತ್ತೇನೆ.

ಒಳಯುದ್ಧ ಅಂದರೆ ಯಾವುದು?

ಎರಡು ದೇಶಗಳು ಹೊಡೆದಾಡಿದರೆ ಯುದ್ಧ. ಒಂದೇ ದೇಶದೊಳಗೆ ಸರ್ಕಾರದ ವಿರುದ್ಧ ಒಂದು ಗುಂಪು ಬಂದೂಕು ಹಿಡಿದು, ಸಂಘಟನೆ ಕಟ್ಟಿ, ವರ್ಷಗಟ್ಟಲೆ ಹೋರಾಡಿದರೆ ಅದು ಒಳಯುದ್ಧ, ಅಥವಾ ಅಂತರ್ಯುದ್ಧ. ಗಲಭೆ ಬೇರೆ. ಗಲಭೆ ಹತ್ತಿಕೊಂಡು ಕೆಲವು ದಿನದಲ್ಲಿ ಆರುತ್ತದೆ. ಒಳಯುದ್ಧಕ್ಕೆ ನಾಯಕರು ಬೇಕು, ಹಣ ಬೇಕು, ತರಬೇತಿ ಬೇಕು, ‘ಇದನ್ನು ಬಿಟ್ಟರೆ ಬೇರೆ ದಾರಿಯಿಲ್ಲ’ ಎಂದು ನಂಬುವ ಹುಡುಗರು ಬೇಕು. ಸಂಶೋಧಕರು ಸಾಮಾನ್ಯವಾಗಿ ಬಳಸುವ ಅಳತೆ ಹೀಗಿದೆ: ಕಾಳಗದಲ್ಲಿ ವರ್ಷಕ್ಕೆ 25 ಜನ ಸತ್ತರೆ ಅದು ಸಶಸ್ತ್ರ ಸಂಘರ್ಷ, ಸಾವಿರ ದಾಟಿದರೆ ಯುದ್ಧ.

ಕೂಡುಕುಟುಂಬ ಒಡೆಯುವುದನ್ನು ನೀವು ನೋಡಿರಬಹುದು. ಹೊರಗಿನವರು ‘ಅಣ್ಣತಮ್ಮಂದಿರಿಗೆ ಆಗಿಬರಲ್ಲ’ ಅಂತಾರೆ. ಒಳಗೆ ವಿಷಯ ಬೇರೆಯೇ ಇರುತ್ತದೆ. ಲೆಕ್ಕದ ಪುಸ್ತಕ ಒಬ್ಬನ ಕೈಯಲ್ಲಿ. ಇನ್ನೊಬ್ಬನ ಮಗನಿಗೆ ಕಾಲೇಜು ಫೀಸಿಗೆ ಕಾಸಿಲ್ಲ. ಹಿರಿಯರ ಮುಂದೆ ಒಪ್ಪಿಕೊಂಡ ಮಾತು ಎರಡು ಸಲ ಮುರಿದಿದೆ. ಮೂರನೇ ಸಲ ಅಣ್ಣ ಪ್ರಾಮಾಣಿಕವಾಗಿಯೇ ಮಾತು ಕೊಟ್ಟರೂ ತಮ್ಮ ನಂಬುವುದಿಲ್ಲ. ದೇಶಗಳ ವಿಷಯದಲ್ಲೂ ಹೆಚ್ಚುಕಡಿಮೆ ಹೀಗೇ. ದ್ವೇಷದಿಂದ ಯುದ್ಧ ಹುಟ್ಟಿತು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಶ್ರೀಲಂಕಾದಲ್ಲಿ ಪಾಲು, ಗೌರವ, ಮುರಿದ ಮಾತು ಇವು ಮೊದಲು ಬಂದವು. ದ್ವೇಷ ಅವುಗಳ ಹಿಂದೆ ಬೆಳೆಯಿತು.

ದ್ವೀಪದಲ್ಲಿ ಯಾರು ಯಾರಿದ್ದರು

ನಾಲ್ಕು ಗುಂಪುಗಳನ್ನು ನೆನಪಿಟ್ಟುಕೊಂಡರೆ ಸಾಕು. ಸಿಂಹಳರು ಬಹುಸಂಖ್ಯಾತರು, 2012ರ ಜನಗಣತಿಯಂತೆ ಸುಮಾರು ಶೇ 75. ಅವರಲ್ಲಿ ಹೆಚ್ಚಿನವರು ಬೌದ್ಧರು. ಉತ್ತರ ಮತ್ತು ಪೂರ್ವದಲ್ಲಿ ಶತಮಾನಗಳಿಂದ ಇರುವವರು ಲಂಕಾ ತಮಿಳರು, ಸುಮಾರು ಶೇ 11. ತಮಿಳು ಮಾತಾಡುವ ಮುಸ್ಲಿಮರು ಶೇ 9ರ ಆಸುಪಾಸು. ತಮ್ಮದು ಬೇರೆಯೇ ಸಮುದಾಯ ಎಂದು ಅವರು ಹೇಳಿಕೊಳ್ಳುತ್ತಾರೆ. ನಾಲ್ಕನೆಯವರು ಮಲೆನಾಡು ತಮಿಳರು. ಬ್ರಿಟಿಷರು ಮೊದಲು ಕಾಫಿ ತೋಟಕ್ಕೆ, ಆಮೇಲೆ ಟೀ ತೋಟಕ್ಕೆ ತಮಿಳುನಾಡಿನಿಂದ ಕರೆದೊಯ್ದ ಕೂಲಿಗಳ ಮಕ್ಕಳು, ಮೊಮ್ಮಕ್ಕಳು ಇವರು.

ಒಂದು ವಿಷಯ ಇಲ್ಲೇ ಹೇಳಬೇಕು. ಆಗ ಸಿಲೋನ್ ಎನ್ನುತ್ತಿದ್ದ ಈ ದೇಶ ಬಡತನದಲ್ಲಿ ಮುಳುಗಿದ ದೇಶವೇನೂ ಆಗಿರಲಿಲ್ಲ. 1931ರಲ್ಲೇ ಅಲ್ಲಿ ವಯಸ್ಕರೆಲ್ಲರಿಗೂ ಮತದ ಹಕ್ಕು ಬಂದಿತ್ತು. 1945ರಿಂದ ಉಚಿತ ಶಿಕ್ಷಣ. ಸ್ವಾತಂತ್ರ್ಯದ ಹೊತ್ತಿಗೆ ಓದುಬರಹದಲ್ಲಿ ಭಾರತಕ್ಕಿಂತ ಎಷ್ಟೋ ಮುಂದಿತ್ತು. ಹಾಗಾಗಿ ‘ಬಡತನವಿದ್ದರೆ ಯುದ್ಧ’ ಎಂಬ ಲೆಕ್ಕ ಇಲ್ಲಿ ಪೂರ್ತಿ ಕೂಡುವುದಿಲ್ಲ.

ಜಾಫ್ನಾ ಒಣಭೂಮಿ. ಬೇಸಾಯ ಕಷ್ಟ. 19ನೇ ಶತಮಾನದಲ್ಲಿ ಅಮೆರಿಕದ ಮಿಷನರಿಗಳು ಅಲ್ಲಿ ಶಾಲೆಗಳನ್ನು ತೆರೆದರು. ಮಕ್ಕಳು ಇಂಗ್ಲಿಷ್ ಕಲಿತರು, ಸರ್ಕಾರಿ ನೌಕರಿ ಹಿಡಿದರು. ಜಮೀನಿಲ್ಲದ ಕಡೆ ಸರ್ಕಾರಿ ಕೆಲಸವೇ ಜಮೀನು. ಹೀಗೆ ಜನಸಂಖ್ಯೆಯಲ್ಲಿ ತಮಗಿದ್ದ ಪಾಲಿಗಿಂತ ಜಾಸ್ತಿ ತಮಿಳರು ಕಚೇರಿಗಳಲ್ಲಿದ್ದರು. ಹಳ್ಳಿಯಲ್ಲಿ ಸಿಂಹಳದಲ್ಲಿ ಓದಿದ ಹುಡುಗನಿಗೆ ಇದು ಕಾಣುತ್ತಿತ್ತು, ಚುಚ್ಚುತ್ತಿತ್ತು. ಅವನ ಸಿಟ್ಟು ಸುಳ್ಳಾಗಿರಲಿಲ್ಲ.

ಮೊದಲ ಬಾಗಿಲು: ಪೌರತ್ವ

ಸಿಲೋನ್‌ಗೆ ಸ್ವಾತಂತ್ರ್ಯ ಬಂದದ್ದು 1948ರ ಫೆಬ್ರವರಿ 4ಕ್ಕೆ. ಅದೇ ವರ್ಷ ಪೌರತ್ವ ಕಾಯ್ದೆ ಬಂತು. ಅಪ್ಪ ಈ ನೆಲದಲ್ಲೇ ಹುಟ್ಟಿದವನು, ಇಲ್ಲವೇ ಅಜ್ಜ ಮುತ್ತಜ್ಜ ಇಲ್ಲೇ ಹುಟ್ಟಿದವರು ಎಂದು ತೋರಿಸಿದರೆ ಮಾತ್ರ ಪೌರ. ಟೀ ತೋಟದ ಲೈನ್ ಮನೆಯಲ್ಲಿ ಹುಟ್ಟಿದವರ ಬಳಿ ಅಂಥ ದಾಖಲೆ ಎಲ್ಲಿಂದ ಬರಬೇಕು? ಸುಮಾರು 7 ಲಕ್ಷ ಜನ ಒಂದೇ ಏಟಿಗೆ ಯಾವ ದೇಶಕ್ಕೂ ಸೇರದವರಾದರು. ಮುಂದಿನ ವರ್ಷ ಅವರ ಮತದ ಹಕ್ಕೂ ಹೋಯಿತು. ಅವರ ಮತ ಎಡಪಕ್ಷಗಳಿಗೆ ಬೀಳುತ್ತಿತ್ತು ಎಂಬುದೂ ಇದಕ್ಕೆ ಒಂದು ಕಾರಣ.

1964ರಲ್ಲಿ ಸಿಲೋನ್ ಪ್ರಧಾನಿ ಸಿರಿಮಾವೋ ಬಂಡಾರನಾಯಕೆ ಮತ್ತು ನಮ್ಮ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಒಪ್ಪಂದ ಮಾಡಿಕೊಂಡರು. ಆಗ ಅಂಥವರ ಲೆಕ್ಕ 9,75,000. ಅದರಲ್ಲಿ 5,25,000 ಜನರನ್ನು ಭಾರತ ತೆಗೆದುಕೊಳ್ಳುವುದು, 3,00,000 ಜನರನ್ನು ಸಿಲೋನ್ ಇಟ್ಟುಕೊಳ್ಳುವುದು. ಉಳಿದವರ ವಿಷಯ ಆಮೇಲೆ. ಅಕ್ಕಿಮೂಟೆ ಹಂಚಿಕೊಂಡ ಹಾಗೆ ಜನರನ್ನು ಹಂಚಿಕೊಂಡರು. ಆ ಜನರನ್ನು ಯಾರೂ ಕೇಳಲಿಲ್ಲ.

ನಮ್ಮ ಸುಳ್ಯ, ಪುತ್ತೂರು ಕಡೆ ಹೋದವರು ಈ ಒಪ್ಪಂದದ ಜನರನ್ನು ನೋಡಿರುತ್ತಾರೆ. ತಲೈಮನ್ನಾರಿನಿಂದ ಹಡಗಿನಲ್ಲಿ ರಾಮೇಶ್ವರಕ್ಕೆ ಬಂದವರಲ್ಲಿ ಒಂದಷ್ಟು ಕುಟುಂಬಗಳಿಗೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟರು. ಅವರ ಮಕ್ಕಳು ನಮ್ಮ ಜತೆ ಕನ್ನಡ ಶಾಲೆಯಲ್ಲೇ ಓದಿದರು. ಬೆಳಗಿನ ಜಾವ ಟ್ಯಾಪಿಂಗಿಗೆ ಹೋಗುವ ಅಮ್ಮಂದಿರು, ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಅವರನ್ನು ‘ಸಿಲೋನಿನವರು’ ಅನ್ನುತ್ತಿದ್ದೆವು. ಯಾಕೆ ಬಂದರು ಅಂತ ಚಿಕ್ಕವರಿದ್ದಾಗ ನಾವ್ಯಾರೂ ಕೇಳಲಿಲ್ಲ. ಇವರು ಯುದ್ಧದಿಂದ ಓಡಿಬಂದವರಲ್ಲ. ಯುದ್ಧಕ್ಕೂ ಮೊದಲೇ, ಒಂದು ಕಾಗದ ಅವರನ್ನು ಇಲ್ಲಿಗೆ ತಂದಿತ್ತು.

1956: ಅಕ್ಕಪಕ್ಕದ ಎರಡು ದೇಶ, ಎರಡು ದಾರಿ

ಸ್ವಾತಂತ್ರ್ಯದ ನಂತರವೂ ಸಿಲೋನ್‌ನ ಆಡಳಿತ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ಇಂಗ್ಲಿಷ್ ಬಲ್ಲವರು ಬೆರಳೆಣಿಕೆ. ಹಳ್ಳಿಯ ಮೇಷ್ಟರು, ಬೌದ್ಧ ಭಿಕ್ಷುಗಳು, ನಾಟಿ ವೈದ್ಯರು ‘ನಮ್ಮ ನಾಡಲ್ಲಿ ನಮ್ಮ ಭಾಷೆಗೆ ಬೆಲೆಯಿಲ್ಲ’ ಎನ್ನುತ್ತಿದ್ದರು. ಕನ್ನಡಿಗರಿಗೆ ಈ ನೋವು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಮೊದಮೊದಲು ಇದು ಸಿಂಹಳ, ತಮಿಳು ಎರಡಕ್ಕೂ ಸ್ಥಾನ ಕೇಳುವ ಚಳವಳಿಯಾಗಿತ್ತು. ಚುನಾವಣೆ ಹತ್ತಿರ ಬಂದಂತೆ ಅದು ‘ಸಿಂಹಳ ಮಾತ್ರ’ ಎಂದಾಯಿತು. ಸಿರಿಮಾವೋ ಅವರ ಗಂಡ ಎಸ್. ಡಬ್ಲ್ಯು. ಆರ್. ಡಿ. ಬಂಡಾರನಾಯಕೆ, ತಾವು ಗೆದ್ದರೆ 24 ಗಂಟೆಯಲ್ಲಿ ಸಿಂಹಳ ಎಂದರು. ಗೆದ್ದರು. 1956ರ ಜೂನಿನಲ್ಲಿ ಸಿಂಹಳವೊಂದೇ ಅಧಿಕೃತ ಭಾಷೆ ಎಂಬ ಕಾಯ್ದೆ ಬಂತು. ಅದನ್ನು ವಿರೋಧಿಸಿ ಕೊಲಂಬೋದ ಕಡಲ ಬದಿ ಸತ್ಯಾಗ್ರಹ ಕೂತ ತಮಿಳು ನಾಯಕರನ್ನು ಗುಂಪೊಂದು ಬಂದು ಬಡಿಯಿತು.

ಅದೇ ವರ್ಷ ನವೆಂಬರ್ 1ಕ್ಕೆ ಭಾರತದಲ್ಲಿ ಏನಾಯಿತು? ಭಾಷೆಯ ಆಧಾರದ ಮೇಲೆ ರಾಜ್ಯಗಳಾದವು. ಮುಂಬೈ, ಹೈದರಾಬಾದು, ಮದ್ರಾಸಿನಲ್ಲಿ ಚೆದುರಿದ್ದ ಕನ್ನಡಿಗರು ಒಂದೇ ರಾಜ್ಯಕ್ಕೆ ಬಂದರು. ಹೀಗೆ ಮಾಡಿದರೆ ದೇಶ ಒಡೆಯುತ್ತದೆ ಎಂದು ದೆಹಲಿಯ ದೊಡ್ಡವರೇ ಹೆದರಿದ್ದರು. ಒಡೆಯಲಿಲ್ಲ. 1965ರಲ್ಲಿ ಹಿಂದಿಯ ವಿಷಯಕ್ಕೆ ಮದ್ರಾಸು ಹೊತ್ತಿ ಉರಿದಾಗ ಕೇಂದ್ರ ಹಿಂದೆ ಸರಿಯಿತು. 1967ರಲ್ಲಿ ಕಾಯ್ದೆ ತಿದ್ದಿ ಇಂಗ್ಲಿಷನ್ನು ಉಳಿಸಿಕೊಂಡಿತು. ಭಾರತದಲ್ಲಿ ಒಳಯುದ್ಧಗಳೇ ಆಗಲಿಲ್ಲ ಎಂದು ನಾನು ಹೇಳುತ್ತಿಲ್ಲ. ನಾಗಾಲ್ಯಾಂಡ್, ಕಾಶ್ಮೀರ, ಪಂಜಾಬ್ ಕಣ್ಣ ಮುಂದಿವೆ. ಆದರೆ ದಕ್ಷಿಣದಲ್ಲಿ ಭಾಷೆಯ ಜಗಳ ಬಂದೂಕಿನವರೆಗೆ ಹೋಗದಿದ್ದುದಕ್ಕೆ ಈ ಹಿಂದೆ ಸರಿದ ಹೆಜ್ಜೆಗಳು ಮುಖ್ಯ ಕಾರಣ ಎಂದೇ ನನಗನಿಸುತ್ತದೆ.

ಸಿಲೋನ್ ಸಂಸತ್ತಿನಲ್ಲೇ ಎಡಪಕ್ಷದ ಕಾಲ್ವಿನ್ ಆರ್. ಡಿ ಸಿಲ್ವ ಆಗ ಎಚ್ಚರಿಸಿದ್ದರು: ಎರಡು ಭಾಷೆಯಾದರೆ ಒಂದು ದೇಶ, ಒಂದೇ ಭಾಷೆಯಾದರೆ ಎರಡು ದೇಶ. ಅವರೂ ಸಿಂಹಳರೇ.

ಸಿಂಹಳರಿಗೆ ಭಯ ಯಾಕಿತ್ತು ಎಂಬುದನ್ನೂ ನೋಡಬೇಕು. ದ್ವೀಪದಲ್ಲಿ ಅವರು ಬಹುಸಂಖ್ಯಾತರು ನಿಜ. ಆದರೆ ಸಣ್ಣ ಕಡಲಗಂಡಿಯ ಆಚೆ ಕೋಟಿಗಟ್ಟಲೆ ತಮಿಳರಿದ್ದಾರೆ. ಸಿಂಹಳ ಮಾತಾಡುವವರಿಗೆ ಇರುವುದು ಈ ದ್ವೀಪವೊಂದೇ. ಹಾಗಾಗಿ ಬಹುಸಂಖ್ಯಾತರೂ ತಾವೇ ಸಣ್ಣವರು ಎಂದು ಭಾವಿಸಿದರು. ಎರಡೂ ಕಡೆಯವರು ತಮ್ಮನ್ನು ಅಲ್ಪಸಂಖ್ಯಾತರು ಎಂದುಕೊಂಡ ದೇಶದಲ್ಲಿ ರಾಜಿ ಮಾಡಿಸುವುದು ತುಂಬಾ ಕಷ್ಟ.

ಮುರಿದ ಮಾತುಗಳು

ಬಂಡಾರನಾಯಕೆಗೂ ತಪ್ಪು ಅರಿವಾಗಿತ್ತು ಅನಿಸುತ್ತದೆ. 1957ರ ಜುಲೈನಲ್ಲಿ ಅವರು ತಮಿಳು ನಾಯಕ ಎಸ್. ಜೆ. ವಿ. ಚೆಲ್ವನಾಯಗಂ ಜತೆ ಒಪ್ಪಂದಕ್ಕೆ ಬಂದರು. ಪ್ರಾದೇಶಿಕ ಮಂಡಳಿಗಳು, ಉತ್ತರ ಮತ್ತು ಪೂರ್ವದ ಆಡಳಿತದಲ್ಲಿ ತಮಿಳು. ಕೂಡಲೇ ವಿರೋಧ ಪಕ್ಷದ ಜೆ. ಆರ್. ಜಯವರ್ಧನೆ ಕ್ಯಾಂಡಿಗೆ ಪಾದಯಾತ್ರೆ ಹೊರಟರು. 1958ರ ಏಪ್ರಿಲಿನಲ್ಲಿ ಭಿಕ್ಷುಗಳು ಪ್ರಧಾನಿಯ ಮನೆ ಮುಂದೆ ಕೂತರು. ಒಪ್ಪಂದ ರದ್ದು ಎಂದು ಬರೆದು ಕೊಡುವವರೆಗೆ ಏಳಲಿಲ್ಲ. ಮುಂದಿನ ತಿಂಗಳೇ ತಮಿಳರ ಮೇಲೆ ದೊಡ್ಡ ಗಲಭೆ. ಮರುವರ್ಷ ಬಂಡಾರನಾಯಕೆಯವರನ್ನೇ ಒಬ್ಬ ಭಿಕ್ಷು ಗುಂಡಿಟ್ಟು ಕೊಂದ.

1965ರಲ್ಲಿ ಇನ್ನೊಂದು ಪಕ್ಷದ ಡಡ್ಲಿ ಸೇನಾನಾಯಕೆ ಅದೇ ಚೆಲ್ವನಾಯಗಂ ಜತೆ ಅಂಥದ್ದೇ ಒಪ್ಪಂದ ಮಾಡಿದರು. ಈ ಸಲ ವಿರೋಧಿಸಿದ್ದು ಬಂಡಾರನಾಯಕೆಯ ಪಕ್ಷ. ಅದೂ ಬಿದ್ದುಹೋಯಿತು.

ಇದು ಹರಾಜಿನ ಹಾಗೆ. ಒಬ್ಬ ಒಂದು ಬೆಲೆ ಕೂಗಿದರೆ ಇನ್ನೊಬ್ಬ ಮೇಲೆ ಕೂಗಬೇಕು. ಎರಡೂ ದೊಡ್ಡ ಪಕ್ಷಗಳಿಗೆ ಗೆಲ್ಲಲು ಬೇಕಿದ್ದುದು ಸಿಂಹಳ ಮತ. ರಾಜಿ ಎಂದವನು ಸೋಲುತ್ತಾನೆ, ‘ನಾಡು ಮಾರಿದ’ ಎಂದವನು ಗೆಲ್ಲುತ್ತಾನೆ. ಚುನಾವಣೆ ನಡೆಯುವ ದೇಶದಲ್ಲಿ, ಚುನಾವಣೆಯ ಲೆಕ್ಕಾಚಾರವೇ ರಾಜಿಯ ಬಾಗಿಲು ಮುಚ್ಚಿತು.

ಕಟಾಫ್ ಅಂಕದ ಕತೆ

ಸೀಟು, ರ‍್ಯಾಂಕು ಅಂದರೆ ಏನು ಅಂತ ಗೊತ್ತಿರುವ ಮನೆಗಳಿಗೆ ಈ ಭಾಗ ಬೇಗ ಅರ್ಥವಾಗುತ್ತದೆ. 1969ರ ಹೊತ್ತಿಗೆ ಎಂಜಿನಿಯರಿಂಗ್, ವೈದ್ಯಕೀಯ ಸೀಟುಗಳಲ್ಲಿ ಸುಮಾರು ಅರ್ಧದಷ್ಟು ತಮಿಳು ವಿದ್ಯಾರ್ಥಿಗಳಿಗೆ ಸಿಗುತ್ತಿತ್ತು. 1971ರಲ್ಲಿ ನಿಯಮ ಬದಲಾಯಿತು. ವೈದ್ಯಕೀಯಕ್ಕೆ ತಮಿಳು ಮಾಧ್ಯಮದವರಿಗೆ 400ಕ್ಕೆ 250 ಅಂಕ ಬೇಕು. ಸಿಂಹಳ ಮಾಧ್ಯಮದವರಿಗೆ 229 ಸಾಕು. ಆಮೇಲೆ ಜಿಲ್ಲಾವಾರು ಕೋಟಾ ಬಂತು. ಐದಾರು ವರ್ಷದಲ್ಲಿ ತಮಿಳರ ಪಾಲು ತೀರಾ ಕೆಳಗಿಳಿಯಿತು.

ಹಿಂದುಳಿದ ಜಿಲ್ಲೆಗಳಿಗೆ ಅವಕಾಶ ಕೊಡಬೇಕು ಎಂಬ ವಾದದಲ್ಲಿ ನ್ಯಾಯವಿತ್ತು. ಗ್ರಾಮೀಣ ಸಿಂಹಳ ಮಕ್ಕಳ ಜತೆಗೆ ಹಿಂದುಳಿದ ಜಿಲ್ಲೆಗಳ ತಮಿಳು, ಮುಸ್ಲಿಂ ಮಕ್ಕಳಿಗೂ ಕೋಟಾದಿಂದ ಸ್ವಲ್ಪ ಅನುಕೂಲವಾಯಿತು. ಆದರೆ ಪರೀಕ್ಷೆ ಬರೆದ ಭಾಷೆ ನೋಡಿ ಅಂಕ ಬೇರೆ ಮಾಡಿದ್ದನ್ನು ಜಾಫ್ನಾದ ಹುಡುಗ ಹೇಗೆ ಓದಿಕೊಂಡ? ‘ಎಷ್ಟು ಓದಿದರೂ ನಾನು ಹುಟ್ಟಿದ ಮನೆಯೇ ತಪ್ಪು’ ಎಂದು.

ಸಂಶೋಧಕರು ಇಲ್ಲಿ ಒಂದು ಮುಖ್ಯ ವ್ಯತ್ಯಾಸ ತೋರಿಸುತ್ತಾರೆ. ಊರಿನಲ್ಲಿ ಶ್ರೀಮಂತರು, ಬಡವರು ಇರುವುದು ಒಂದು ಬಗೆಯ ಅಸಮಾನತೆ. ಒಂದು ಭಾಷೆಯವರಿಗೆ, ಒಂದು ಧರ್ಮದವರಿಗೆ, ಒಂದು ಜನಾಂಗದವರಿಗೆ ಒಟ್ಟಾಗಿ ಬಾಗಿಲು ಮುಚ್ಚುವುದು ಇನ್ನೊಂದು ಬಗೆ. ಎರಡನೆಯದು ಹೆಚ್ಚು ಅಪಾಯದ್ದು. ಯಾಕೆಂದರೆ ಆಗ ಒಬ್ಬೊಬ್ಬನ ಸೋಲೂ ಇಡೀ ಗುಂಪಿನ ಅವಮಾನವಾಗುತ್ತದೆ. ಆ ಗುಂಪಿಗೆ ಒಂದೇ ಭಾಷೆ, ಒಂದೇ ಊರು, ಒಂದೇ ನೆನಪು. ಸಂಘಟನೆ ಕಟ್ಟಲು ಬೇಕಾದ್ದೆಲ್ಲ ಆಗಲೇ ಸಿದ್ಧವಾಗಿರುತ್ತದೆ.

ಸಿಂಹಳ ಹುಡುಗರೂ ಬಂದೂಕು ಹಿಡಿದಿದ್ದರು

ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲದ ಸಂಗತಿ ಇದು. ಶ್ರೀಲಂಕಾ ಸರ್ಕಾರದ ವಿರುದ್ಧದ ಮೊದಲ ದೊಡ್ಡ ಸಶಸ್ತ್ರ ದಂಗೆ ತಮಿಳರದ್ದಲ್ಲ. 1971ರ ಏಪ್ರಿಲಿನಲ್ಲಿ ಜನತಾ ವಿಮುಕ್ತಿ ಪೆರಮುನ, ಅಂದರೆ ಜೆವಿಪಿ, ಒಂದೇ ರಾತ್ರಿ ಹತ್ತಾರು ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿತು. ಅವರು ಓದಿಯೂ ಕೆಲಸ ಸಿಗದ, ಹಳ್ಳಿಯ ಸಿಂಹಳ ಬೌದ್ಧ ಹುಡುಗರು. ಸರ್ಕಾರ ಸಾವಿರಾರು ಜನರನ್ನು ಕೊಂದು ಅದನ್ನು ಅಡಗಿಸಿತು. 1987ರಿಂದ 89ರವರೆಗೆ ಅದೇ ಜೆವಿಪಿ ಮತ್ತೆ ಎದ್ದಿತು. ಆಗ ಸತ್ತವರು, ಕಾಣೆಯಾದವರು ಹತ್ತಾರು ಸಾವಿರ.

ಬೇರೆ ಭಾಷೆ, ಬೇರೆ ಧರ್ಮ, ಬೇರೆ ಗುರಿ. ಆದರೆ ಹುಡುಗರ ವಯಸ್ಸು, ಓದು, ನಿರುದ್ಯೋಗ ಒಂದೇ. ಇದನ್ನು ತಿಳಿದ ಮೇಲೆ ‘ಸಿಂಹಳರು-ತಮಿಳರು ಹುಟ್ಟಾ ಶತ್ರುಗಳು’ ಎಂಬ ಮಾತು ನಿಲ್ಲುವುದಿಲ್ಲ. ಓದಿಸಿ, ಆಸೆ ಹುಟ್ಟಿಸಿ, ಬಾಗಿಲು ಮುಚ್ಚಿದ ವ್ಯವಸ್ಥೆಯ ವಿರುದ್ಧ ಎರಡು ಕಡೆಯ ಮಕ್ಕಳೂ ಎದ್ದರು. ಇದೇ ಜೆವಿಪಿ ಆಮೇಲೆ ಬಂದೂಕು ಬಿಟ್ಟು ಚುನಾವಣೆಗೆ ಬಂತು. ಅದರ ನಾಯಕ ಅನುರ ಕುಮಾರ ದಿಸಾನಾಯಕೆ 2024ರ ಸೆಪ್ಟೆಂಬರಿನಲ್ಲಿ ದೇಶದ ಅಧ್ಯಕ್ಷರಾದರು.

1983ರ ಜುಲೈ

1976ರಲ್ಲಿ ತಮಿಳು ಪಕ್ಷಗಳು ವಟ್ಟುಕ್ಕೋಟ್ಟೈ ಎಂಬಲ್ಲಿ ಸೇರಿ ಪ್ರತ್ಯೇಕ ದೇಶ ಬೇಕು ಎಂದು ನಿರ್ಣಯ ಮಾಡಿದವು. ಅದೇ ತಿಂಗಳು ವೇಲುಪಿಳ್ಳೈ ಪ್ರಭಾಕರನ್ ಎಲ್‌ಟಿಟಿಇ, ಅಂದರೆ ತಮಿಳು ಹುಲಿಗಳ ಸಂಘಟನೆ ಕಟ್ಟಿದ. ಆಗ ಅದು ಬೆರಳೆಣಿಕೆಯ ಹುಡುಗರ ಗುಂಪು. ಸರ್ಕಾರ 1979ರಲ್ಲಿ ಭಯೋತ್ಪಾದನೆ ತಡೆ ಕಾಯ್ದೆ ತಂದಿತು. ವಿಚಾರಣೆಯಿಲ್ಲದೆ ತಿಂಗಳುಗಟ್ಟಲೆ ಹಿಡಿದಿಡಬಹುದು. ತಾತ್ಕಾಲಿಕ ಎಂದರು, ಮೂರು ವರ್ಷದ ನಂತರ ಕಾಯಂ ಮಾಡಿದರು. 1981ರಲ್ಲಿ ಜಾಫ್ನಾ ಗ್ರಂಥಾಲಯಕ್ಕೆ ಬೆಂಕಿ ಬಿತ್ತು. ಸುಮಾರು 97,000 ಪುಸ್ತಕ, ತಾಳೆಗರಿ ಸುಟ್ಟುಹೋದವು. ಓದನ್ನೇ ಆಸ್ತಿ ಎಂದುಕೊಂಡ ಊರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆಯಿಲ್ಲ.

1983ರ ಜುಲೈ 23ರ ರಾತ್ರಿ ಎಲ್‌ಟಿಟಿಇ ಹೊಂಚುಹಾಕಿ 13 ಸೈನಿಕರನ್ನು ಕೊಂದಿತು. ಮರುದಿನದಿಂದ ಕೊಲಂಬೋದಲ್ಲಿ ತಮಿಳರ ಮನೆ, ಅಂಗಡಿ ಹುಡುಕಿ ಸುಟ್ಟರು. ಗುಂಪುಗಳ ಕೈಯಲ್ಲಿ ಮತದಾರರ ಪಟ್ಟಿ ಇತ್ತು. ಜೈಲಿನೊಳಗಿದ್ದ 53 ತಮಿಳು ಕೈದಿಗಳನ್ನೂ ಕೊಂದರು. ಸತ್ತವರ ಲೆಕ್ಕ ಸರ್ಕಾರದ ಪ್ರಕಾರ ನಾನೂರರ ಆಸುಪಾಸು, ಬೇರೆಯವರ ಪ್ರಕಾರ ಮೂರು ಸಾವಿರದವರೆಗೆ. ಎಷ್ಟೋ ಸಿಂಹಳರು ನೆರೆಮನೆಯವರನ್ನು ತಮ್ಮ ಕೋಣೆಯೊಳಗೆ ಬಚ್ಚಿಟ್ಟು ಉಳಿಸಿದರು. ಅಧ್ಯಕ್ಷ ಜಯವರ್ಧನೆ ಟಿವಿಯಲ್ಲಿ ಮಾತಾಡಿದ್ದು ಜುಲೈ 28ಕ್ಕೆ. ಸತ್ತ ತಮಿಳರಿಗಾಗಿ ಒಂದು ಸಾಂತ್ವನದ ಮಾತೂ ಆಡಲಿಲ್ಲ.

ಆಮೇಲೆ ಬಂದ ಸಂವಿಧಾನ ತಿದ್ದುಪಡಿಯಂತೆ ಸಂಸದರೆಲ್ಲ ಪ್ರತ್ಯೇಕತೆಯ ವಿರುದ್ಧ ಪ್ರಮಾಣ ಮಾಡಬೇಕಿತ್ತು. ಮಾತಿನ ದಾರಿ ಹಿಡಿದಿದ್ದ ತಮಿಳು ಸಂಸದರು ಒಪ್ಪಲಿಲ್ಲ, ಸ್ಥಾನ ಕಳೆದುಕೊಂಡರು. ಈಗ ತಮಿಳರ ಪರವಾಗಿ ಮಾತಾಡಲು ಉಳಿದವರು ಬಂದೂಕಿನವರು ಮಾತ್ರ.

ಶುರುವಾದ ಯುದ್ಧ ಯಾಕೆ ನಿಲ್ಲಲಿಲ್ಲ?

ಯುದ್ಧ ಶುರುವಾಗಲು ಒಂದು ಕಾರಣ, ಮುಂದುವರಿಯಲು ಇನ್ನೊಂದು. ಇದನ್ನು ಬೇರೆ ಮಾಡಿ ನೋಡಬೇಕು. 1983ರ ನಂತರ ಕೆನಡಾ, ಬ್ರಿಟನ್, ಯೂರೋಪಿಗೆ ಲಕ್ಷಾಂತರ ತಮಿಳರು ಹೋದರು. ಕೆಲವರು ಮನಸ್ಸಿನಿಂದ, ಕೆಲವರು ಹೆದರಿಕೆಯಿಂದ ಎಲ್‌ಟಿಟಿಇಗೆ ಹಣ ಕಳಿಸಿದರು. ಆರಂಭದಲ್ಲಿ ಭಾರತವೇ ತಮಿಳು ಗುಂಪುಗಳಿಗೆ ತರಬೇತಿ ಕೊಟ್ಟಿತು. ಹಣ, ಆಯುಧ, ಅಡಗುದಾಣ ಸಿಕ್ಕರೆ ಯುದ್ಧಕ್ಕೆ ತನ್ನದೇ ಜೀವ ಬರುತ್ತದೆ. ಅದನ್ನು ನಡೆಸುವವರಿಗೆ ಶಾಂತಿಯಿಂದ ನಷ್ಟವೂ ಆಗತೊಡಗುತ್ತದೆ.

ಎಲ್‌ಟಿಟಿಇ ತನ್ನ ಜನರ ಮೇಲೂ ಕ್ರೂರವಾಗಿತ್ತು. ಬೇರೆ ತಮಿಳು ಗುಂಪುಗಳನ್ನು ಮುಗಿಸಿತು. ಶಾಲೆಯ ಮಕ್ಕಳನ್ನು ಸೇನೆಗೆ ಎಳೆಯಿತು. 1989ರಲ್ಲಿ ಹಿರಿಯ ತಮಿಳು ನಾಯಕ ಅಮಿರ್ತಲಿಂಗಂ ಅವರನ್ನು ಕೊಂದಿತು. ಅಧಿಕಾರ ಹಂಚಿಕೆಯ ಕರಡು ಬರೆದ ಕಾನೂನು ಪಂಡಿತ ನೀಲನ್ ತಿರುಚೆಲ್ವಂ ಅವರನ್ನು 1999ರಲ್ಲಿ ಕೊಂದಿತು. 1990ರಲ್ಲಿ ಉತ್ತರದ ಮುಸ್ಲಿಮರನ್ನು, 70 ಸಾವಿರಕ್ಕೂ ಹೆಚ್ಚು ಜನರನ್ನು, ಗಂಟೆಗಳ ಗಡುವು ಕೊಟ್ಟು ಉಟ್ಟ ಬಟ್ಟೆಯಲ್ಲಿ ಹೊರಗಟ್ಟಿತು. ಅನ್ಯಾಯಕ್ಕೆ ಒಳಗಾದವರ ಹೆಸರಿನಲ್ಲಿ ಹುಟ್ಟಿದ ಸಂಘಟನೆ ಇನ್ನೊಬ್ಬರಿಗೆ ಅದೇ ಅನ್ಯಾಯ ಮಾಡಿತು.

ನಿಲ್ಲಿಸಲು ನಡೆದ ಪ್ರಯತ್ನಗಳು

ಮೊದಲನೆಯದು ಅಧಿಕಾರ ಹಂಚಿಕೆ. 1987ರ ಜೂನ್ 4ರಂದು ಬೆಂಗಳೂರಿನಿಂದ ಹಾರಿದ ನಮ್ಮ ವಾಯುಪಡೆಯ ವಿಮಾನಗಳು ಮುತ್ತಿಗೆಯಲ್ಲಿದ್ದ ಜಾಫ್ನಾದ ಮೇಲೆ ಆಹಾರದ ಮೂಟೆ ಉದುರಿಸಿದವು. ಆ ಒತ್ತಡದ ನಂತರ ಜುಲೈ 29ಕ್ಕೆ ರಾಜೀವ್ ಗಾಂಧಿ, ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಸಂವಿಧಾನಕ್ಕೆ 13ನೇ ತಿದ್ದುಪಡಿ ಬಂತು. ತಮಿಳೂ ಅಧಿಕೃತ ಭಾಷೆಯಾಯಿತು. ನಮ್ಮ ರಾಜ್ಯ ಸರ್ಕಾರಗಳ ಹಾಗೆ, ಆದರೆ ಅವಕ್ಕಿಂತ ತುಂಬಾ ದುರ್ಬಲವಾದ, ಪ್ರಾಂತೀಯ ಮಂಡಳಿಗಳು ಬಂದವು. ಪೊಲೀಸ್, ಭೂಮಿಯ ಅಧಿಕಾರ ಕಾಗದದಲ್ಲಿತ್ತು, ಕೈಗೆ ಬರಲಿಲ್ಲ. ಮೂವತ್ತು ವರ್ಷ ಮೊದಲು ಕೊಟ್ಟಿದ್ದರೆ ಬಹುಶಃ ಸಾಕಾಗುತ್ತಿತ್ತು.

ಎರಡನೆಯದು ಶಾಂತಿಪಡೆ. ಭಾರತದ ಸೇನೆ ಎರಡೂ ಕಡೆಯವರ ನಡುವೆ ನಿಲ್ಲಲು ಹೋಯಿತು. ಕೆಲವೇ ತಿಂಗಳಲ್ಲಿ ಎಲ್‌ಟಿಟಿಇ ಜತೆಗೇ ಯುದ್ಧಕ್ಕಿಳಿಯಿತು. ಸುಮಾರು 1,200 ಭಾರತೀಯ ಸೈನಿಕರು ಸತ್ತರು. 1990ರ ಮಾರ್ಚಿನಲ್ಲಿ ವಾಪಸಾದಾಗ ಸಿಂಹಳರಿಗೂ ಬೇಡ, ತಮಿಳರಿಗೂ ಬೇಡ ಎನ್ನುವ ಸ್ಥಿತಿ. ಮಧ್ಯಸ್ಥಿಕೆಗೆ ಹೋದವನು ತಾನೇ ಕಕ್ಷಿದಾರನಾದರೆ ಹೀಗಾಗುತ್ತದೆ.

ಮೂರನೆಯದು 2002ರ ಕದನವಿರಾಮ. ನಾರ್ವೆ ನಡುವೆ ನಿಂತಿತ್ತು. ಹೆದ್ದಾರಿ ತೆರೆಯಿತು, ಜನ ಉಸಿರಾಡಿದರು. ಆದರೆ ಮೂಲ ಪ್ರಶ್ನೆಗಳನ್ನು ಮುಂದಕ್ಕೆ ತಳ್ಳಿದರು.

ಇಲ್ಲಿ ಸ್ವಲ್ಪ ನಿಂತು ಇನ್ನೊಂದು ದ್ವೀಪದ ಕಡೆ ನೋಡಬೇಕು. ಇಂಡೋನೇಷ್ಯಾದ ಸುಮಾತ್ರಾದ ತುದಿಯಲ್ಲಿ ಆಚೆ ಎಂಬ ಪ್ರಾಂತ್ಯವಿದೆ. ಅಲ್ಲೂ ಪ್ರತ್ಯೇಕತೆಯ ಹೋರಾಟ ಶುರುವಾದದ್ದು 1976ರಲ್ಲೇ. 2004ರ ಡಿಸೆಂಬರ್ 26ರ ಸುನಾಮಿ ಎರಡೂ ಕಡೆ ಅಪ್ಪಳಿಸಿತು. ಆಚೆಯಲ್ಲಿ ಲಕ್ಷಕ್ಕೂ ಮಿಕ್ಕಿ, ಶ್ರೀಲಂಕಾದಲ್ಲಿ 30 ಸಾವಿರಕ್ಕೂ ಮಿಕ್ಕಿ ಜನ ಸತ್ತರು. ಎಂಟು ತಿಂಗಳೊಳಗೆ, 2005ರ ಆಗಸ್ಟ್ 15ಕ್ಕೆ, ಆಚೆಯಲ್ಲಿ ಶಾಂತಿ ಒಪ್ಪಂದವಾಯಿತು. ಅದು ಇವತ್ತಿಗೂ ನಿಂತಿದೆ. ಶ್ರೀಲಂಕಾದಲ್ಲಿ ಸುನಾಮಿ ನೆರವನ್ನು ಒಟ್ಟಿಗೆ ಹಂಚುವ ವ್ಯವಸ್ಥೆಯೂ ನಿಲ್ಲಲಿಲ್ಲ. ಜೆವಿಪಿ ಸರ್ಕಾರದಿಂದ ಹೊರನಡೆಯಿತು, ಸುಪ್ರೀಂ ಕೋರ್ಟು ತಡೆ ಕೊಟ್ಟಿತು.

ವ್ಯತ್ಯಾಸ ಎಲ್ಲಿತ್ತು? ಆಚೆಯಲ್ಲಿ ಬರೀ ಮಾತು ನಂಬಿ ಎಂದು ಯಾರೂ ಹೇಳಲಿಲ್ಲ. ಬಂಡಾಯಗಾರರು 840 ಬಂದೂಕು ಒಪ್ಪಿಸಬೇಕು. ನಾಲ್ಕು ಕಂತು. ಅವರು ಒಂದು ಕಂತು ಕೊಟ್ಟಂತೆ ಸರ್ಕಾರ ಹೊರಗಿನಿಂದ ತಂದ ಸೈನಿಕರ ಒಂದು ಪಾಲನ್ನು ಹಿಂದಕ್ಕೆ ಕರೆಸಬೇಕು. ಯೂರೋಪ್ ಮತ್ತು ನೆರೆ ದೇಶಗಳ ವೀಕ್ಷಕರು ನಿಂತು ಎಣಿಸಿದರು. ಪ್ರತ್ಯೇಕ ದೇಶದ ಬೇಡಿಕೆ ಬಿಟ್ಟುಕೊಟ್ಟರು. ಬದಲಿಗೆ ಸ್ಥಳೀಯ ಪಕ್ಷ ಕಟ್ಟುವ ಹಕ್ಕು, ತೈಲ ಮತ್ತು ಅನಿಲದ ವರಮಾನದಲ್ಲಿ ಶೇ 70 ಪಾಲು ಸಿಕ್ಕಿತು. ಮರುವರ್ಷದ ಚುನಾವಣೆಯಲ್ಲಿ ಮಾಜಿ ಬಂಡಾಯಗಾರನೊಬ್ಬ ರಾಜ್ಯಪಾಲನಾಗಿ ಗೆದ್ದ. ಜಾಗ ಮಾರುವಾಗ ಅಡ್ವಾನ್ಸ್ ಕೊಟ್ಟು, ಪತ್ರ ಬರೆಸಿ, ಸಾಕ್ಷಿ ಇಟ್ಟುಕೊಳ್ಳುತ್ತೇವಲ್ಲ, ಹಾಗೆ. ಮಾತು ಮುರಿದರೆ ಎಲ್ಲರಿಗೂ ಕಾಣುವಂತೆ ಕಟ್ಟಿದ್ದರು.

ನಾಲ್ಕನೆಯದು ಸೇನೆಯಿಂದಲೇ ಮುಗಿಸುವುದು. 2005ರಲ್ಲಿ ಎಲ್‌ಟಿಟಿಇ ತಮಿಳರಿಗೆ ಮತ ಹಾಕಬೇಡಿ ಎಂದಿತು. ಮಹಿಂದ ರಾಜಪಕ್ಸ ಕೂದಲೆಳೆಯಲ್ಲಿ ಗೆದ್ದರು. 2008ರ ಜನವರಿಯಲ್ಲಿ ಕದನವಿರಾಮ ಅಧಿಕೃತವಾಗಿ ಮುಗಿಯಿತು. 2009ರ ಮೇ ತಿಂಗಳಲ್ಲಿ ಮುಳ್ಳಿವಾಯ್ಕಾಲ್ ಎಂಬ ಕಡಲಂಚಿನ ಪಟ್ಟಿಯಲ್ಲಿ ಎಲ್ಲ ಕೊನೆಯಾಯಿತು. ಎಲ್‌ಟಿಟಿಇ ಜನರನ್ನು ಹೊರಹೋಗಲು ಬಿಡಲಿಲ್ಲ, ಓಡಿದವರಿಗೆ ಗುಂಡಿಟ್ಟಿತು. ‘ಇಲ್ಲಿ ದಾಳಿ ಮಾಡುವುದಿಲ್ಲ’ ಎಂದು ತಾನೇ ಸಾರಿದ ಜಾಗಗಳ ಮೇಲೆ ಸೇನೆ ಶೆಲ್ ಹಾಕಿತು. ಕೊನೆಯ ತಿಂಗಳುಗಳಲ್ಲಿ 40 ಸಾವಿರದವರೆಗೆ ನಾಗರಿಕರು ಸತ್ತಿರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ತಂಡ 2011ರಲ್ಲಿ ಹೇಳಿತು. ಸರ್ಕಾರ ಒಪ್ಪಲಿಲ್ಲ. ಇಡೀ ಯುದ್ಧದಲ್ಲಿ ಸತ್ತವರು 80 ಸಾವಿರದಿಂದ ಒಂದು ಲಕ್ಷ ಎಂಬ ಅಂದಾಜಿದೆ.

2009ರ ನಂತರ

ಬಾಂಬು ನಿಂತಿತು. ಇದು ಸಣ್ಣ ಮಾತಲ್ಲ. ಕೊಲಂಬೋದಲ್ಲಿ ಬಸ್ಸು ಹತ್ತುವಾಗ ಹೆದರುತ್ತಿದ್ದವರಿಗೆ, ಜಾಫ್ನಾದಲ್ಲಿ ಶೆಲ್ ಸದ್ದಿಗೆ ಏಳುತ್ತಿದ್ದವರಿಗೆ ಅದರ ಬೆಲೆ ಗೊತ್ತು. ರಸ್ತೆ, ರೈಲು ಬಂದವು. ಸೇನೆ ಹಿಡಿದಿಟ್ಟಿದ್ದ ಜಮೀನಿನಲ್ಲಿ ಸಾಕಷ್ಟನ್ನು ಹಿಂದಿರುಗಿಸಿದರು, ಎಲ್ಲವನ್ನೂ ಅಲ್ಲ. ಮಲೆನಾಡು ತಮಿಳರಲ್ಲಿ ಪೌರತ್ವವಿಲ್ಲದೆ ಉಳಿದಿದ್ದವರಿಗೆ 2003ರ ಕಾಯ್ದೆಯಿಂದ ಅದು ಸಿಕ್ಕಿತ್ತು, ಐವತ್ತೈದು ವರ್ಷ ತಡವಾಗಿ.

ಮೂಲ ಕಾರಣಗಳ ಕಡೆ ಕೆಲಸ ನಿಧಾನ. ಉತ್ತರ ಪ್ರಾಂತ್ಯಕ್ಕೆ 2013ರಲ್ಲಿ ಮೊದಲ ಸಲ ಮಂಡಳಿ ಚುನಾವಣೆ ನಡೆಯಿತು. ಅದರ ಅವಧಿ ಮುಗಿದ ಮೇಲೆ ಮತ್ತೆ ಚುನಾವಣೆ ಆಗದೆ ವರ್ಷಗಳು ಕಳೆದವು. ತಾತ್ಕಾಲಿಕ ಎಂದು ತಂದಿದ್ದ 1979ರ ಕಾಯ್ದೆಯನ್ನು ತೆಗೆಯುತ್ತೇವೆ ಎಂದು ಒಂದಾದ ಮೇಲೊಂದು ಸರ್ಕಾರ ಹೇಳಿತು. ಕಾಣೆಯಾದವರ ಕಚೇರಿ ಎಂಬ ಸಂಸ್ಥೆಗೆ 2016ರಲ್ಲಿ ಕಾಯ್ದೆ ಬಂತು, ಕೆಲಸ ಶುರುವಾದದ್ದು 2018ರಲ್ಲಿ. ಅಲ್ಲಿಗೆ ಅರ್ಜಿ ಕೊಟ್ಟವರಲ್ಲಿ ತಮಿಳು ತಾಯಂದಿರಿದ್ದಾರೆ, ಕಾಣೆಯಾದ ಸೈನಿಕರ ಸಿಂಹಳ ತಾಯಂದಿರಿದ್ದಾರೆ, ಜೆವಿಪಿ ದಂಗೆಯ ಕಾಲದಲ್ಲಿ ಮಕ್ಕಳನ್ನು ಕಳೆದುಕೊಂಡವರೂ ಇದ್ದಾರೆ.

ಚೆಮ್ಮಣಿಯ ಮಣ್ಣಿನಲ್ಲಿ ಸಿಕ್ಕ ಬಟ್ಟೆ, ಬಳೆ, ಚಪ್ಪಲಿ, ಆ ಶಾಲೆಯ ಚೀಲ ಇವನ್ನೆಲ್ಲ 2025ರ ಆಗಸ್ಟ್ 5ರಂದು ಕೋರ್ಟಿನ ಆದೇಶದಂತೆ ಜನರಿಗೆ ತೋರಿಸಿದರು. ಯಾರಾದರೂ ಗುರುತು ಹಿಡಿಯಲಿ ಎಂದು. ಮೂವತ್ತು ವರ್ಷದ ಹಿಂದೆ ಮನೆಯಿಂದ ಹೊರಟವರು ಅವತ್ತು ಯಾವ ಸೀರೆ ಉಟ್ಟಿದ್ದರು, ಯಾವ ಅಂಗಿ ಹಾಕಿದ್ದರು ಎಂದು ನೆನಪಿಸಿಕೊಳ್ಳುತ್ತಾ ಬಂದವರು ಸಾಲಾಗಿ ನಡೆದು ನೋಡಿದರು. ಅಲ್ಲಿಂದ ದಕ್ಷಿಣಕ್ಕೆ ಕಿಳಿನೊಚ್ಚಿಯಲ್ಲಿ 2017ರ ಫೆಬ್ರವರಿಯಲ್ಲಿ ತಾಯಂದಿರು ಮಕ್ಕಳ ಫೋಟೊ ಹಿಡಿದು ರಸ್ತೆ ಬದಿ ಧರಣಿ ಕೂತರು. ಅವರಲ್ಲಿ ಹಲವರು ಉತ್ತರ ಸಿಗದೆಯೇ ತೀರಿಕೊಂಡಿದ್ದಾರೆ. ಅವರ ಫೋಟೊಗಳನ್ನೂ ಈಗ ಮಕ್ಕಳ ಫೋಟೊಗಳ ಜತೆಗೇ ಇಟ್ಟಿದ್ದಾರೆ.